ಜೈನಾಪುರದ ದೋಣಿಯ ನೀರು

ಜಗತ್ತಿನ ಎರಡನೆಯ ಲಡಾಯಿ ಮುಗಿದ ಮರುವರ್ಷ, ದಸರೆಯ ಸೂಟಿಗೆಂದು ನೀಲಾಬಾಯಿ ಬಬಲೇಶ್ವರದ ಮನೆಗೆ ಬಂದ ದಿನ ಪಡಸಾಲೆಯಲ್ಲಿ ಮಂದಿ ತುಂಬಿತ್ತು. ಮೋಟಾರಿನ ಧೂಳು ಅವಳ ಮೈಮೇಲೆ ಹಾಗೇ ಇತ್ತು. ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದರಲ್ಲಿ ಸೀಸೆಗಳನ್ನು ಜೋಡಿಸಿಟ್ಟ ಕಟ್ಟಿಗೆಯ ಪೆಟ್ಟಿಗೆ. ಯಾರೂ ಅವಳ ಕಡೆ ತಿರುಗಲಿಲ್ಲ. ಎಲ್ಲರ ಕಣ್ಣೂ ಕಂಬಕ್ಕೆ ಆತು ಕೂತಿದ್ದ ಜೈನಾಪುರದ ಕುರಿಗಾರ ಅಮಸಿದ್ದನ ಮೇಲಿತ್ತು.

“ಹಿಂಡಿನಾಗ ಅರ್ಧಾ ಹೋದೂವ್ರಿ ಸಾವಕಾರ್ರ,” ಅನ್ನುತ್ತಿದ್ದ ಅವನು. “ಮಧ್ಯಾಹ್ನ ನೀರು ಕುಡದ್ವು, ಸಂಜಿಗೆ ಮೇವು ಬಿಟ್ವು. ಮರುದಿನಾ ಹಸರು ಹಸರು ಉಚ್ಚಿಕೊಂಡು ಒಂದರ ಮ್ಯಾಲ ಒಂದು ಬಿದ್ವು. ಇನ್ನೂ ಬೀಳಾಕತ್ತಾವ. ಇದು ಬ್ಯಾನಿ ಅಲ್ರಿ. ನೀರಾಗ ಯಾರೋ ವಿಷಾ ಹಾಕ್ಯಾರ. ಯಾರು ಅನ್ನೂದೂ ನನಗ ಗೊತ್ತೈತಿ.”

ಸಾವಕಾರ ಅಂದರೆ ನೀಲಾಬಾಯಿಯ ತಂದೆ ಶಂಕ್ರೆಪ್ಪ. ಮನೆ ಬಬಲೇಶ್ವರದಲ್ಲಿದ್ದರೂ ಅವನ ಕರಿಮಣ್ಣಿನ ಎರಿಹೊಲ ಇದ್ದದ್ದು ಜೈನಾಪುರದಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ತಂಟೆ ಬಿದ್ದರೆ ನ್ಯಾಯ ಹೇಳಲು ಅವನನ್ನೇ ಕರೆಯುತ್ತಿದ್ದರು. ಕುರಿಗಳು ನೀರು ಕುಡಿದದ್ದೂ ಅವನ ಹೊಲದ ಬಾವಿಯ ಪಕ್ಕ ದನಗಳಿಗೆ ನೀರು ತುಂಬಿಡುವ ಕಲ್ಲಿನ ದೋಣಿಯಲ್ಲೇ. ಎತ್ತು, ಎಮ್ಮೆ, ದಾರಿಹೋಕರ ಕುರಿ, ಆಡು, ಯಾವುದು ಬಂದರೂ ಆ ದೋಣಿಗೆ ಬಾಯಿ ಹಾಕಬಹುದಿತ್ತು. ಶಂಕ್ರೆಪ್ಪನ ಅಪ್ಪನ ಕಾಲದಿಂದ ಅದಕ್ಕೆ ಯಾರ ತಡೆಯೂ ಇರಲಿಲ್ಲ.

ಅಮಸಿದ್ದನ ಸಂಶಯ ಧೂಳಪ್ಪನ ಮೇಲಿತ್ತು. ಧೂಳಪ್ಪ ತಿಕೋಟಾ ಕಡೆಯ ಬಿಜ್ಜರಗಿಯವನು. ವರ್ಷಾ ಹಿಂಗಾರಿ ಬಿತ್ತುವ ಮುಂದೆ ಈ ಸೀಮೆಗೆ ಹಿಂಡು ಹೊಡೆದುಕೊಂಡು ಬಂದು, ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲಿ ಕುರಿ ತರುಬಿ, ಪ್ರತಿಯಾಗಿ ಜೋಳ ಒಯ್ಯುತ್ತಿದ್ದ. ಈ ಸಲ ಯಾರ ಹೊಲದಲ್ಲಿ ಯಾರು ತರುಬಬೇಕು ಅನ್ನುವ ಮಾತಿಗೆ ಇಬ್ಬರೂ ಬಡಿಗೆ ಎತ್ತುವ ತನಕ ಹೋಗಿದ್ದರು. ಅದಾದ ಮೇಲೆ ಧೂಳಪ್ಪ ಬೆಳಗಿನ ಹೊತ್ತು ಆ ದೋಣಿಯ ಹತ್ತಿರ ಸುಳಿದಾಡಿದ್ದನ್ನು ಕಂಡವರಿದ್ದರು. ಅವನ ಕುರಿಗಳು ಮಾತ್ರ ಆ ದಿನ ದೋಣಿಗೆ ಬರದೆ ಹಳ್ಳದ ನೀರಿಗೆ ಹೋಗಿದ್ದವು. ಒಂದೂ ಸತ್ತಿರಲಿಲ್ಲ.

“ಮಂಗಳವಾರ ಹನಮಪ್ಪನ ಗುಡಿ ಕಟ್ಟೀಗೆ ಎಲ್ಲಾರೂ ಕೂಡೋಣು,” ಅಂದ ಶಂಕ್ರೆಪ್ಪ. “ಧೂಳಪ್ಪನ್ನೂ ಕರಸೋಣು. ಅಲ್ಲೀತನಕಾ ಯಾರೂ ಕೈ ಎತ್ತಬಾರದು.”

ಮಂದಿ ಎದ್ದು ಹೋದ ಮೇಲೆ ಹಿತ್ತಲ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತದ್ದು ನೀಲಾಬಾಯಿಗೆ ಕಂಡಿತು. ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಧೂಳಪ್ಪನ ಹೆಂಡತಿ ರಾಚವ್ವ.

“ನೀವು ದೊಡ್ಡ ಸಾಲಿ ಕಲ್ತೀರಂತ, ಅಕ್ಕಾರ. ನಿಮ್ಮ ಅಪ್ಪಾರಿಗೆ ಒಂದು ಮಾತು ಹೇಳ್ರಿ. ನನ್ನ ಗಂಡ ಸಿಟ್ಟಿನಾಂವ ಅದಾನ, ಸುಳ್ಳಲ್ಲ. ಆದ್ರ ಕುರಿಗೆ ವಿಷಾ ಹಾಕೂ ಕುರಿಗಾರ ಎಲ್ಲೆರ ಇರ್ತಾನ? ಕಂಬಳಿ ಒಗಿಯಾಕ ಹೋಗಿದ್ದ ಅಲ್ಲಿ. ಮಂದಿ ನಂಬವಲ್ರು.”

ನೀಲಾಬಾಯಿ ಏನು ಹೇಳಬೇಕು? ಅವಳು ವಿಜಾಪುರದ ಹೆಣ್ಣುಮಕ್ಕಳ ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಅದಕ್ಕೂ ಮೊದಲು ಸಾಂಗಲಿಯಲ್ಲಿ ಇಂಟರ್ ಸಾಯನ್ಸ್ ಮುಗಿಸಿದ್ದಳು. ಅವ್ವ ಇಲ್ಲದ ಹುಡುಗಿ, ಮದುವೆ ಬಿಟ್ಟು ಓದಿಗೆ ಹೊರಟಾಗ ಊರು ನಾಲ್ಕು ಮಾತಾಡಿದರೂ ಶಂಕ್ರೆಪ್ಪ ಕಿವಿಗೊಟ್ಟಿರಲಿಲ್ಲ. ಕಾಲೇಜಿನಲ್ಲಿ ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದೇ ಕೆಲಸ. ಮೇಷ್ಟ್ರು ಹೆಸರಿಲ್ಲದ ತಿಳಿನೀರು ಕೈಗೆ ಕೊಡುತ್ತಿದ್ದರು. ಅದರಲ್ಲಿ ಏನು ಕರಗಿದೆ ಅನ್ನುವುದನ್ನು ಒಂದೊಂದೇ ಹನಿ ಹಾಕಿ ಹಾಕಿ ಪತ್ತೆ ಹಚ್ಚಬೇಕು. ಉಪ್ಪಿನಂಥ ವಸ್ತು ನೀರಿನಲ್ಲಿ ಕರಗಿದಾಗ ಎರಡು ಬಗೆಯ ಕಣಗಳಾಗಿ ಒಡೆದು ತಿರುಗುತ್ತದೆ, ಅವಕ್ಕೆ ಅಯಾನು ಅಂತ ಹೆಸರು. ಒಂದೊಂದು ಅಯಾನಿಗೂ ತನ್ನದೇ ಗುಣ. ಒಂದು ಬಿಳಿ ಗಸಿಯಾಗಿ ತಳ ಸೇರುತ್ತದೆ, ಒಂದು ನೀಲಿಯಾಗುತ್ತದೆ, ಒಂದು ನಾರುತ್ತದೆ. ಉಳಿದ ಹುಡುಗಿಯರು ಬೇಸತ್ತು ಕಿಟಕಿ ನೋಡುವಾಗ ನೀಲಾಬಾಯಿ ನಳಿಗೆಯನ್ನು ಬೆಳಕಿಗೆ ಹಿಡಿದು ಊಟದ ಗಂಟೆಯನ್ನೂ ಮರೆಯುತ್ತಿದ್ದಳು.

ರಾಚವ್ವನ ಮಾತು ಕೇಳುತ್ತ ಅವಳ ತಲೆಯಲ್ಲಿ ಎದ್ದದ್ದು ಧೂಳಪ್ಪ ತಪ್ಪು ಮಾಡಿದನೋ ಇಲ್ಲವೋ ಅನ್ನುವ ಪ್ರಶ್ನೆಯಲ್ಲ. ಆ ನೀರಿನಲ್ಲಿ ಏನಿದೆ?

ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದಳು. “ವಿಷಾ ಹಾಕ್ಯಾರ ಅಂತೀರಿ. ಯಾವ ವಿಷಾ ಅಂತ ನೋಡೀರೇನು?”

“ಇನ್ಯಾವುದು? ಸೋಮಲ ಇರಬೇಕು. ದನಾ ಕೊಲ್ಲಾವ್ರು ಅದನ್ನ ಹಾಕ್ತಾರ.”

“ಇರಬೇಕು ಅಂದ್ರ ಇದ್ದಂಗ ಆತೇನು? ನನಗ ಆ ನೀರು ಬೇಕು.”

ಶಂಕ್ರೆಪ್ಪ ರೊಟ್ಟಿ ಮುರಿಯುತ್ತ ನಕ್ಕ. “ನಾಳೆ ಚಕ್ಕಡಿ ಹೂಡಸ್ತೀನಿ, ಹೋಗಿ ತುಂಬ್ಕೊಂಡು ಬಾ. ನೀ ಬ್ಯಾಡ ಅಂದ್ರ ಬಿಡೂ ಪೈಕಿ ಅಲ್ಲ.”

ದೋಣಿಯ ಸುತ್ತ ಅಮಸಿದ್ದ ಜಾಲಿಯ ಮುಳ್ಳು ಹಚ್ಚಿದ್ದ. ಅವನೇ ಮುಳ್ಳು ಸರಿಸಿ ದಾರಿ ಮಾಡಿಕೊಟ್ಟ. ನೀಲಾಬಾಯಿ ಆ ದೋಣಿಯನ್ನು ಚಿಕ್ಕಂದಿನಿಂದ ಬಲ್ಲವಳು. ಒಳಗೋಡೆಯ ತುಂಬ ದಪ್ಪಗೆ ಪಾಚಿ ಬೆಳೆದು, ಕೈ ಇಟ್ಟರೆ ಜಾರುತ್ತಿತ್ತು. ಈಗ ಬಗ್ಗಿ ನೋಡಿದಳು. ಪಾಚಿ ಬಿಳಿಚಿಕೊಂಡು, ಹಳೆ ಚಿಂದಿಯಂತೆ ಗೋಡೆಯಿಂದ ಕಳಚಿ ತೇಲುತ್ತಿತ್ತು. ನೀರಿಗೆ ಇದೆಯೋ ಇಲ್ಲವೋ ಅನ್ನುವಷ್ಟು ಹಸಿರು ಛಾಯೆ. ತಳದಲ್ಲಿ ತಿಳಿಹಸಿರು ಕೆಸರು ಕೂತಿತ್ತು.

“ನೀರು ಹಸರು ಇದ್ದದ್ದು ಕಾಣ್ಲಿಲ್ಲೇನೋ ಅಮಸಿದ್ದ?”

“ಯಾವಾಗ್ಲೂ ಪಾಚಿಯಿಂದ ಹಸರೇ ಇರ್ತೈತ್ರಿ ಅಕ್ಕಾರ. ಅದನ್ಯಾರು ನೋಡ್ತಾರ?”

ಪಾಚಿ ಸತ್ತಿದೆ, ನೀರು ಹಸಿರಾಗಿದೆ. ಹಾಗಾದರೆ ಹಸಿರು ಬೇರೆ ಎಲ್ಲಿಂದಲೋ ಬಂದದ್ದು. ನೀಲಾಬಾಯಿಯ ಎದೆ ಸಣ್ಣಗೆ ಹೊಡೆದುಕೊಂಡಿತು. ಕಾಲೇಜಿನಲ್ಲಿ ಕೈಗೆ ನಳಿಗೆ ಬಂದಾಗಲೂ ಹೀಗೇ ಆಗುತ್ತಿತ್ತು. ಒಂದು ಸೀಸೆಗೆ ದೋಣಿಯ ನೀರು ತುಂಬಿದಳು, ಒಂದಕ್ಕೆ ತಳದ ಕೆಸರು. ಮೂರನೆಯದಕ್ಕೆ ಬಾವಿಯ ನೀರನ್ನೇ ಸೇದಿಸಿ ತುಂಬಿಕೊಂಡಳು. ಅದು ಯಾಕೆಂದು ಅಮಸಿದ್ದ ಕೇಳಿದ. “ಬಾವ್ಯಾಗ ಮೊದಲ ಇದ್ದದ್ದು ಯಾವುದು, ದೋಣ್ಯಾಗ ಹೊಸದಾಗಿ ಬಂದದ್ದು ಯಾವುದು ಅಂತ ಗೊತ್ತಾಗಬೇಕಲ್ಲ,” ಅಂದಳು.

ಮನೆಗೆ ಬಂದು ತನ್ನ ಪೆಟ್ಟಿಗೆಯಿಂದ ಬೇರಿಯಂ ಕ್ಲೋರೈಡಿನ ಸೀಸೆ ತೆಗೆದು ದೋಣಿಯ ನೀರಿಗೆ ಹನಿಸಿದಳು. ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು. ಅಂದರೆ ಸಲ್ಫೇಟು ಇದೆ. ಬಾವಿಯ ನೀರಿಗೂ ಹನಿಸಿದಳು, ಅದೂ ಬೆಳ್ಳಗಾಯಿತು, ಸ್ವಲ್ಪ ಕಡಿಮೆ ಅಷ್ಟೇ. ಎರಿನೆಲದ ಬಾವಿಗಳಲ್ಲಿ ಸಲ್ಫೇಟು ಇರುವುದು ಹೊಸದಲ್ಲ. ಇದರಿಂದ ಏನೂ ತಿಳಿಯುವುದಿಲ್ಲ. ಸೋಮಲ, ಅಂದರೆ ಆರ್ಸೆನಿಕ್, ಇದೆಯೋ ಇಲ್ಲವೋ ನೋಡಲು ಬೇಕಾದದ್ದು ಅವಳ ಪೆಟ್ಟಿಗೆಯಲ್ಲಿ ಇರಲಿಲ್ಲ. ಮರುದಿನ ಮೋಟಾರು ಹತ್ತಿ ವಿಜಾಪುರಕ್ಕೆ ಹೊರಟಳು.

ಸ್ಟೇಷನ್ ರಸ್ತೆಯಲ್ಲಿ ಅವಳ ಸೋದರಮಾವ ಶಿವಯೋಗೆಪ್ಪನದು ಔಷಧದ ಅಂಗಡಿ. ಮುಂದೆ ಗಿರಾಕಿ, ಹಿಂದಿನ ಕೋಣೆಯಲ್ಲಿ ತಕ್ಕಡಿ, ಗಾಜಿನ ಸಾಮಾನು, ಗೋಡೆಯುದ್ದಕ್ಕೂ ಬಾಟಲಿಗಳು. ಅವನಿಗೂ ಇಂಥದರ ಹುಚ್ಚು ಸ್ವಲ್ಪ ಇತ್ತು. ನೀಲಾಬಾಯಿಯ ಪೆಟ್ಟಿಗೆಯನ್ನು ತುಂಬಿಸಿ ಕೊಟ್ಟವನೂ ಅವನೇ.

“ಮಾಮಾ, ಸೋಮಲ ಐತೋ ಇಲ್ಲೋ ನೋಡಬೇಕ್ರಿ. ಗಂಧಕ, ಕಬ್ಬಿಣದ ಪುಡಿ, ಉಪ್ಪಿನ ಆಮ್ಲ ಕೊಡ್ರಿ.”

ಶಿವಯೋಗೆಪ್ಪ ಅವಳ ಮುಖ ನೋಡಿದ. “ಆ ಹೊಲಸು ನಾತ ಬರೂ ಗಾಳಿ ಮಾಡೂದು ಐತೇನು? ಇವತ್ತು ಗಿರಾಕಿ ಬಂದಂಗ ಆತು ಬಿಡು.” ಅಂದವನು ತಾನೇ ಬಟ್ಟಲು ತಂದಿಟ್ಟ.

ಗಂಧಕ ಕಬ್ಬಿಣವನ್ನು ಕೂಡಿಸಿ ಕಾಸಿ, ತಣ್ಣಗಾದ ಕರಿಹೆಂಟೆಯ ಮೇಲೆ ಆಮ್ಲ ಸುರುವಿದಾಗ ಕೊಳೆತ ಮೊಟ್ಟೆಯ ವಾಸನೆ ಅಂಗಡಿ ದಾಟಿ ರಸ್ತೆಗೆ ಹೋಯಿತು. ಕೆಮ್ಮಿನ ಔಷಧಕ್ಕೆ ಬಂದವನೊಬ್ಬ ಮೂಗು ಮುಚ್ಚಿಕೊಂಡು ಹಾಗೇ ಹಿಂದಿರುಗಿದ. ನೀಲಾಬಾಯಿ ಆ ಗಾಳಿಯನ್ನು ಬಾಗಿದ ನಳಿಗೆಯ ಮೂಲಕ, ಆಮ್ಲ ಬೆರೆಸಿಟ್ಟಿದ್ದ ದೋಣಿಯ ನೀರಿಗೆ ಬಿಟ್ಟಳು.

“ಸೋಮಲ ಇದ್ರ ಹಳದಿ ಆಗತೈತ್ರಿ,” ಅಂದಳು. ಇಬ್ಬರೂ ಬಗ್ಗಿ ನೋಡಿದರು.

ನೀರು ಹಳದಿಯಾಗಲಿಲ್ಲ. ಮೊದಲು ಕಂದಾಗಿ, ಆಮೇಲೆ ಕಾಡಿಗೆ ಕದಡಿದಂತೆ ಕಪ್ಪಾಯಿತು.

“ಇದೇನವಾ ಇದು?” ಅಂದ ಶಿವಯೋಗೆಪ್ಪ.

“ತಡೀರಿ. ಕರೀ ಬಣ್ಣದ ತೆಳಗ ಹಳದಿ ಅಡಗಿರಬಹುದು.” ಅವಳು ಕಪ್ಪು ಗಸಿಯನ್ನು ಸೋಸಿ, ಅಮೋನಿಯಂ ಕಾರ್ಬೊನೇಟಿನ ನೀರಿನಲ್ಲಿ ಕಲಕಿ, ಮತ್ತೆ ಸೋಸಿದಳು. ಸೋಮಲ ಇದ್ದಿದ್ದರೆ ಈ ನೀರಿನಲ್ಲಿ ಕರಗಿ ಇಳಿದು ಬರುತ್ತಿತ್ತು, ಆಮ್ಲ ಹಾಕಿದರೆ ಹಳದಿಯಾಗಿ ಮತ್ತೆ ಹೊರಬೀಳುತ್ತಿತ್ತು. ಆಮ್ಲ ಹಾಕಿದಳು. ಬುರುಗು ಎದ್ದು ಇಳಿಯಿತು. ನೀರು ತಿಳಿಯಾಗಿಯೇ ಉಳಿಯಿತು. ಸೋಮಲ ಇಲ್ಲ.

ಹಾಗಾದರೆ ಕಪ್ಪಾದದ್ದು ಯಾವುದು? ಸೀಸ ಇರಬಹುದು, ತಾಮ್ರ ಇರಬಹುದು. ಈಗ ಅವಳ ಕಣ್ಣು ಕೆಸರಿನ ಸೀಸೆಯ ಮೇಲೆ ಬಿತ್ತು. ಚಮಚೆಯಷ್ಟು ಕೆಸರಿಗೆ ಆಮ್ಲ ಹಾಕಿದಾಗ ಚುರುಚುರು ನೊರೆ ಎದ್ದು ಕೆಸರು ಕರಗಿ ಹಸಿರು ನೀರಾಯಿತು. ಅದಕ್ಕೆ ಅಮೋನಿಯಾ ಹನಿಸುತ್ತ ಹೋದಳು. ಮೊದಲ ಹನಿಗಳಿಗೆ ನೀಲಿ ಮೋಡ ಕವಿದಂತೆ ಕದಡಿತು. ಇನ್ನೂ ಹನಿಸಿದಳು. ಮೋಡ ಕರಗಿತು, ನಳಿಗೆಯ ತುಂಬ ತಿಳಿಯಾದ, ಗಾಢವಾದ ನೀಲಿ. ಇಳಕಲ್ ಸೀರೆಯ ಮೈಯಲ್ಲಿ ಕೂಡ ಅವಳು ಅಂಥ ನೀಲಿ ಕಂಡಿರಲಿಲ್ಲ. ಬಾವಿಯ ನೀರಿಗೆ ಅಷ್ಟೇ ಅಮೋನಿಯಾ ಹಾಕಿದರೆ ಏನೂ ಆಗಲಿಲ್ಲ.

“ತಾಮ್ರ,” ಅಂದಳು.

“ತಾಮ್ರ ಎಲ್ಲಿಂದ ಬಂತು ಕಲ್ಲಿನ ದೋಣ್ಯಾಗ?” ಶಿವಯೋಗೆಪ್ಪ ನಳಿಗೆಯನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದ. “ಮಂದಿ ವಿಷಾ ಹಾಕಬೇಕಂದ್ರ ಸೋಮಲ ಹುಡುಕ್ತಾರ, ಇಲ್ಲಾ ಗಿಡಮೂಲಿ. ತಾಮ್ರ ಯಾರ ತಲ್ಯಾಗೂ ಬರಂಗಿಲ್ಲ.”

ಮೋಟಾರಿನಲ್ಲಿ ಬಬಲೇಶ್ವರದ ತನಕ ಅವಳು ಅದನ್ನೇ ಯೋಚಿಸಿದಳು. ಹಂಡೆ ತೊಳೆದರೇ? ಹಂಡೆಯಿಂದ ಇಷ್ಟು ಬರುವುದಿಲ್ಲ. ದುಡ್ಡು ಎಸೆದರೇ? ಅದರಿಂದಲೂ ಇಲ್ಲ. ನೀರಿನಲ್ಲಿ ಸಲಿಸಾಗಿ ಕರಗುವ ತಾಮ್ರದ ಉಪ್ಪು ಯಾವುದಿದೆ? ಕಾಲೇಜಿನ ಕಪಾಟಿನಲ್ಲಿದ್ದ ನೀಲಿ ಹರಳುಗಳು ಕಣ್ಣ ಮುಂದೆ ಬಂದವು. ಆದರೆ ಕಾಲೇಜಿನ ಕಪಾಟಿಗೂ ಜೈನಾಪುರಕ್ಕೂ ಏನು ನಂಟು?

ಶಂಕ್ರೆಪ್ಪ ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ. ಮಗಳ ಮುಖದಲ್ಲಿ ಏನೋ ಕಂಡು, “ಏನಾತು, ಸಿಕ್ತೇನು?” ಅಂದ.

“ಸಿಕ್ತು. ನೋಡು ಬಾ.” ಅವಳು ಹಾಲು ಕುಡಿಯುವ ಗಾಜಿನ ಗ್ಲಾಸಿನಲ್ಲಿ ಕೆಸರನ್ನು ಕರಗಿಸಿ ಅಮೋನಿಯಾ ಹನಿಸಿದಳು. ಬಾಗಿಲಿಂದ ಬಿದ್ದ ಸಂಜೆಯ ಬಿಸಿಲಿನಲ್ಲಿ ಗ್ಲಾಸು ನೀಲಿಯಾಗಿ ಬೆಳಗಿತು.

ಅವಳು ಹೆಸರು ಹೇಳುವ ಮೊದಲೇ ಶಂಕ್ರೆಪ್ಪನ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು.

“ಮೈಲುತುತ್ತ,” ಅಂದ ಮೆಲ್ಲಗೆ.

ಎಲ್ಲರ ಮನೆಯಲ್ಲೂ ಇರುವ ಆ ಹೆಸರು ಅವಳಿಗೆ ಹೊಳೆದಿರಲೇ ಇಲ್ಲ. ಕಾಲೇಜಿನಲ್ಲಿ ಕಾಪರ್ ಸಲ್ಫೇಟ್ ಅಂದದ್ದು, ದನದ ಗೊರಸು ಕೊಳೆತರೆ ಊರಲ್ಲಿ ಹಚ್ಚುವ ಮೈಲುತುತ್ತವೇ.

“ಹೌದಪ್ಪಾ. ಆದ್ರ ಅದು ದೋಣಿಗೆ ಹೆಂಗ ಬಂತು?”

ಶಂಕ್ರೆಪ್ಪ ಎಲೆಯನ್ನು ಕೆಳಗಿಟ್ಟ. ಹೋದ ವರ್ಷ ಜೋಳಕ್ಕೆ ಕಾಡಿಗೆ ರೋಗ ಬಿದ್ದು, ತೆನೆಯ ಕಾಳೆಲ್ಲ ಕರಿ ಪುಡಿಯಾಗಿ ಉದುರಿತ್ತು. ಈ ವರ್ಷ ಒಕ್ಕಲುತನ ಖಾತೆಯವರು ಬಂದು, ಬೀಜವನ್ನು ಮೈಲುತುತ್ತದ ನೀರಿನಲ್ಲಿ ಅದ್ದಿ ಒಣಗಿಸಿ ಬಿತ್ತಿದರೆ ಕಾಡಿಗೆ ಬರುವುದಿಲ್ಲವೆಂದು ಹೇಳಿ ಹೋಗಿದ್ದರು. ಕಟ್ಟಿಗೆಯ ಪೀಪಾಯಿಯಲ್ಲಿ ನೆನೆಸಿ, ಉಳಿದ ನೀರನ್ನು ತಗ್ಗು ತೋಡಿ ಮುಚ್ಚಿಬಿಡಿ ಅಂತಲೂ ಹೇಳಿದ್ದರು.

“ಪೀಪಾಯಿ ಸಿಗಲಿಲ್ಲ,” ಅಂದ ಶಂಕ್ರೆಪ್ಪ. “ದೋಣಿ ಖಾಲಿ ಇತ್ತು. ನಾನ ನಿಂತು ಚೀಲ ಅದ್ದಿಸಿದೆ. ಬೆಣಿ ಕಿತ್ತು ನೀರು ಹರಿಬಿಟ್ಟೆ. ಬೆಣಿ ತೂತು ತಳಕ್ಕಿಂತ ಒಂದು ಗೇಣು ಮ್ಯಾಲ ಐತಿ. ತಳದಾಗ ಉಳದದ್ದು ಉಳೀತು. ಅದರ ಮ್ಯಾಲ ಎತ್ತು ಹೂಡಿ ಹೊಸಾ ನೀರು ತುಂಬಿಸಿದ್ರು. ನಾ ಎತ್ತು ಹೊಡಕೊಂಡು ಆ ಕಡೆ ಹೊಲಕ್ಕ ಬಿತ್ತಾಕ ಹೋದೆ.” ಮತ್ತೆ ತಾನೇ ಅಂದ, “ದನದ ಕಾಲಿಗೆ ಹಚ್ತೀವಿ, ಬಾಯಿಗೂ ಹಚ್ತೀವಿ. ಅದರಿಂದ ಯಾವ ದನಾ ಸತ್ತೈತಿ?”

“ಹಚ್ಚೂದು ಬ್ಯಾರೆ, ಹೊಟ್ಟಿ ತುಂಬ ಕುಡಿಯೂದು ಬ್ಯಾರೆ.”

ಮೂರು ದಿನದಿಂದ ನೀಲಾಬಾಯಿಯನ್ನು ಎಳೆದುಕೊಂಡು ಹೋದ ಕುತೂಹಲ ಕೊನೆಗೆ ತನ್ನ ಮನೆಯ ಹೊಸ್ತಿಲಿಗೇ ತಂದು ನಿಲ್ಲಿಸಿತ್ತು. ಮಂಗಳವಾರ ಧೂಳಪ್ಪನ ನ್ಯಾಯ ಹೇಳಬೇಕಾದವನು ಇವನೇ.

“ಯಾರಿಗೆ ಹೇಳೀದಿ?” ಅಂದ ಶಂಕ್ರೆಪ್ಪ.

“ಮಾಮಾಗ ಗೊತ್ತು, ತಾಮ್ರ ಐತಿ ಅಂತ ಇಷ್ಟ.”

“ಸುಮ್ಮನಿದ್ರ ಏನಾಗತೈತಿ?”

ಅವನು ನಿಜವಾಗಿಯೂ ಕೇಳುತ್ತಿದ್ದ. ಅವಳು ಬೈಯಲಿಲ್ಲ, ಅಳಲೂ ಇಲ್ಲ. “ಧೂಳಪ್ಪಗ ಈ ಸೀಮಿಯಾಗ ಕಾಲಿಡಬ್ಯಾಡ ಅಂತೀರಿ. ಮುಂದಿನ ವರ್ಷಾ ಮತ್ತ ಬೀಜಾ ನೆನಸ್ತೀರಿ. ನೀನೂ ನೆನಸ್ತಿ, ನಿನ್ನ ನೋಡಿ ಊರೂ ನೆನಸ್ತದ. ಮತ್ತ ಕುರಿ ಸಾಯ್ತಾವ. ಆವಾಗ ಯಾರನ್ನ ಹಿಡೀತೀರಿ? ಕುರಿ ಅಂತ ಅನಬ್ಯಾಡ, ಕೂಸು ಕುಡದ್ರ?”

ಶಂಕ್ರೆಪ್ಪ ಗ್ಲಾಸನ್ನು ನೋಡುತ್ತ ಕೂತ. ಆಮೇಲೆ ಅವನ ಮೀಸೆಯ ಕೆಳಗೆ ನಗುವಿನಂಥದೇನೋ ಸುಳಿಯಿತು. “ನಿನ್ನ ಸಾಲೀಗೆ ಕಳಸೂ ಮುಂದ ನಮ್ಮ ಮಂದಿ ಅಂದಿದ್ರು, ಕಲ್ತ ಮಗಳು ಅಪ್ಪನ ತಲಿ ಮ್ಯಾಲ ಕೂಡ್ತಾಳ ಅಂತ.” ಎದ್ದು ಧೋತರ ಝಾಡಿಸಿಕೊಂಡ. “ಖರೇನ ಅದರಿಂದನ ಸತ್ತಾವ ಅಂತೀಯೇನು? ಗಟ್ಟಿ ಹೇಳು.”

“ಗಟ್ಟಿ ಹೇಳಾಕ ಬರಂಗಿಲ್ಲ. ನೀರಾಗ ಐತಿ ಅಂತ ಹೇಳಬಲ್ಲೆ. ಕುರಿ ಹೊಟ್ಟ್ಯಾಗ ಐತೋ ಇಲ್ಲೋ ನೋಡಿಲ್ಲ.”

“ಹಂಗಾರ ಅದನ್ನೂ ನೋಡು. ಎಲ್ಲಾರ ಮುಂದ ನೋಡು.”

ಮಂಗಳವಾರ ಹನಮಪ್ಪನ ಗುಡಿಯ ಮುಂದೆ ಜೈನಾಪುರ ಪೂರ್ತಿ ಸೇರಿತ್ತು. ಧೂಳಪ್ಪ ಕಂಬಳಿ ಹೊದ್ದು, ಬಡಿಗೆ ಊರಿ, ಯಾರ ಜೊತೆಯೂ ಮಾತಾಡದೆ ಒಂದು ಬದಿಗೆ ನಿಂತಿದ್ದ. ಅವನ ಹಿಂದೆ ರಾಚವ್ವ. ಅಮಸಿದ್ದನ ಇನ್ನೊಂದು ಕುರಿ ಅದೇ ಬೆಳಿಗ್ಗೆ ಸತ್ತಿತ್ತು. ಶಂಕ್ರೆಪ್ಪನ ಮಾತಿನಂತೆ ಅವನು ಅದನ್ನು ಗುಡಿಯಿಂದ ದೂರ, ಜಾಲಿಗಿಡದ ನೆರಳಿಗೆ ಹೊತ್ತು ತಂದು ಹೊಟ್ಟೆ ಸೀಳಿದ. ಕರುಳಿನಲ್ಲಿದ್ದದ್ದು ನೀಲಿ ಬೆರೆತ ಹಸಿರು. ನೀಲಾಬಾಯಿ ಕುರಿಯ ಪಕ್ಕ ಕೂತಳು. ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಆ ರಸವನ್ನು ಅರಿವೆಯಲ್ಲಿ ಸೋಸಿ ಮಣ್ಣಿನ ಪರಟಿಗೆ ಹಿಂಡಿದಳು. ಇನ್ನೊಂದು ಪರಟಿಯಲ್ಲಿ ಬಾವಿಯ ನೀರಿಟ್ಟಳು. ಎರಡಕ್ಕೂ ಒಂದೇ ಅಳತೆಯ ಆಮ್ಲ ಬೆರೆಸಿದಳು. ಇಲ್ಲಿ ನೀಲಿ ಬಣ್ಣ ತೋರಿಸಿದರೆ ಯಾರೂ ನಂಬಲಾರರು, ಸೀಸೆಯಲ್ಲಿದ್ದ ಬಣ್ಣವನ್ನೇ ಸುರುವಿದಳು ಅಂದಾರು ಎಂದು ಅವಳಿಗೆ ಗೊತ್ತಿತ್ತು.

“ಯಾರರ ಎರಡು ದಬ್ಬಣ ಕೊಡ್ರಿ. ಕಬ್ಬಿಣದ್ದು. ಬೂದಿ ಹಚ್ಚಿ ತಿಕ್ಕಿ ಕೊಡ್ರಿ.”

ಕಂಬಳಿ ಹೊಲಿಯುವ ದಬ್ಬಣ ಕುರಿಗಾರರ ಹತ್ತಿರ ಇರದೆ ಏನು? ಒಂದನ್ನು ಅಮಸಿದ್ದನ ಅಣ್ಣ ಕೊಟ್ಟ. ಇನ್ನೊಂದನ್ನು ರಾಚವ್ವ ತನ್ನ ಸಂಚಿಯಿಂದ ತೆಗೆದು, ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ ಕೊಟ್ಟಳು. ನೀಲಾಬಾಯಿ ಒಂದೊಂದು ಪರಟಿಯಲ್ಲಿ ಒಂದೊಂದು ದಬ್ಬಣ ಇಟ್ಟು, ತಾನು ಹಿಂದೆ ಸರಿದು ಮಂದಿಯನ್ನೇ ಮುಂದೆ ಬಿಟ್ಟಳು.

ಮೊದಲು ಏನೂ ಆಗಲಿಲ್ಲ. ಯಾರೋ ಕೆಮ್ಮಿದರು. ಆಮೇಲೆ ಪರಟಿಯ ಮೇಲೆ ಬಗ್ಗಿದ್ದ ಒಬ್ಬ ಮುದುಕ, “ಕೆಂಪಾತು ನೋಡ್ರಿ,” ಅಂದ. ಹೊಟ್ಟೆಯ ರಸದಲ್ಲಿದ್ದ ದಬ್ಬಣ ತುದಿಯಿಂದ ತುದಿಗೆ ಕೆಂಪಾಗಿತ್ತು. ಬಾವಿಯ ನೀರಿನದು ಸಣ್ಣ ಗುಳ್ಳೆ ಬಿಡುತ್ತ ಬೆಳ್ಳಗೇ ಇತ್ತು.

“ಅದು ಕುರಿ ರಗತ ಇರಬೇಕ್ರಿ,” ಅಂದ ಅಮಸಿದ್ದ.

“ಒರಿಸಿ ನೋಡು.”

ಅಮಸಿದ್ದ ದಬ್ಬಣ ಎತ್ತಿ ಧೋತರದ ಸೆರಗಿನಿಂದ ಒರೆಸಿದ. ಕೆಂಪು ಹೋಗಲಿಲ್ಲ. ಚಿಟಿಕೆ ಬೂದಿ ಹಚ್ಚಿ ಮೆಲ್ಲಗೆ ತಿಕ್ಕಿದ. ದಬ್ಬಣ ಹೊಸ ತಾಮ್ರದ ತಂಬಿಗೆಯ ಹಾಗೆ ಫಳಫಳ ಹೊಳೆಯಿತು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ, ಪಕ್ಕದವನಿಗೆ ಕೊಟ್ಟ. ದಬ್ಬಣ ಕೈಯಿಂದ ಕೈಗೆ ಹೋಗಿ ಧೂಳಪ್ಪನ ತನಕ ಮುಟ್ಟಿತು. ಅವನು ಅದನ್ನು ಮುಟ್ಟದೆ ನೋಡಿ ಮುಂದಕ್ಕೆ ಕಳಿಸಿದ.

“ತಾಮ್ರ ನೀರಾಗ ಕರಗಿತ್ತು,” ಅಂದಳು ನೀಲಾಬಾಯಿ. “ಕಬ್ಬಿಣ ಸಿಕ್ಕ ಕೂಡ್ಲೇ ನೀರು ಬಿಟ್ಟು ಅದರ ಮ್ಯಾಲ ಬಂದು ಕೂಡ್ತು. ದೋಣ್ಯಾಗೂ ಇದ ಐತಿ. ಬಾವ್ಯಾಗ ಇಲ್ಲ.”

“ಅದು ದೋಣಿಗೆ ಬಂದದ್ದು ಹೆಂಗ ಅಂತ ನಾ ಹೇಳ್ತೀನಿ,” ಅನ್ನುತ್ತ ಶಂಕ್ರೆಪ್ಪ ಕಟ್ಟೆಯಿಂದ ಕೆಳಗಿಳಿದು ಮಂದಿಯ ನಡುವೆ ಬಂದು ನಿಂತ. ಬೀಜ ನೆನೆಸಿದ್ದು, ಪೀಪಾಯಿ ಸಿಗದದ್ದು, ಬೆಣೆ ಕಿತ್ತದ್ದು, ತಳದಲ್ಲಿ ಉಳಿದದ್ದು, ಒಂದನ್ನೂ ಬಿಡದೆ ಹೇಳಿದ. “ವಿಷಾ ಯಾರೂ ಹಾಕಿಲ್ಲ. ತಪ್ಪು ನಂದು. ಧೂಳಪ್ಪನ ಕೈ ಇದರಾಗ ಇಲ್ಲ. ಅಮಸಿದ್ದನ ಹಿಂಡು ನಾ ತುಂಬಿಕೊಡ್ತೀನಿ.”

ಸಾವಕಾರನ ಬಾಯಿಂದ ಇಂಥ ಮಾತು ಕೇಳಿ ಮಂದಿಗೆ ಅಭ್ಯಾಸ ಇರಲಿಲ್ಲ. ಕೊನೆಗೆ ಅಮಸಿದ್ದ ಧೂಳಪ್ಪನ ಮುಂದೆ ಹೋಗಿ ನಿಂತು, “ಕಣ್ಣಿಗೆ ಕತ್ಲಿ ಬಂದಿತ್ತಪಾ,” ಅಂದ. ಧೂಳಪ್ಪ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, “ಕತ್ಲಿ ನಿನಗ ಒಬ್ಬಗ ಬಂದಿರಲಿಲ್ಲ, ಊರಿಗೇ ಬಂದಿತ್ತು,” ಅಂದು ಬಡಿಗೆ ಎತ್ತಿಕೊಂಡು ನಡೆದುಬಿಟ್ಟ. ಮರುದಿನ ಬೆಳಗಾಗುವಾಗ ಅವನ ಹಿಂಡು ಬಿಜ್ಜರಗಿಯ ದಾರಿ ಹಿಡಿದಿತ್ತು. ತರುಬಿದ್ದಕ್ಕೆ ಬರಬೇಕಿದ್ದ ಜೋಳವನ್ನೂ ಒಯ್ಯಲಿಲ್ಲ.

ಶಂಕ್ರೆಪ್ಪ ಮಾತಿನಂತೆ ನಡೆದ. ತಿಕೋಟಾ ಕಡೆಯಿಂದ ಎಳೆಯ ಹೆಣ್ಣುಕುರಿಗಳನ್ನು ತಂದು ಅಮಸಿದ್ದನ ಹಟ್ಟಿಗೆ ಹೊಡೆಸಿದ. ದೋಣಿಯ ಕೆಸರು ತೆಗೆಸಿ, ತಗ್ಗು ತೋಡಿ ಮುಚ್ಚಿಸಿ, ಮೂರು ಸಲ ತಿಕ್ಕಿ ತೊಳೆಸಿದ. ತೊಳೆದ ನೀರನ್ನು ನೀಲಾಬಾಯಿ ಸರಿ ಅನ್ನುವ ತನಕ ಮುಳ್ಳು ತೆಗೆಯಲು ಬಿಡಲಿಲ್ಲ. ಇನ್ನು ಮುಂದೆ ಅವನನ್ನು ಯಾರೂ ನ್ಯಾಯಕ್ಕೆ ಕರೆಯುವುದಿಲ್ಲ ಅಂದುಕೊಂಡವರೂ ಇದ್ದರು. ಹಾಗೇನೂ ಆಗಲಿಲ್ಲ. ಒಂದೇ ಬದಲಾವಣೆ: ಯಾರಾದರೂ ಬಂದು ಅವರು ಹೀಗೆ ಮಾಡಿದರು, ಇವರು ಹಾಗೆ ಮಾಡಿದರು ಅಂದರೆ, “ನೀ ಕಣ್ಣಿಲೆ ನೋಡಿಯೋ, ಇರಬೇಕು ಅಂತೀಯೋ?” ಅಂತ ಮೊದಲು ಕೇಳುತ್ತಿದ್ದ.

ಆದರೆ ಧೂಳಪ್ಪ ಹಾಗೆ ಹೋದದ್ದು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು. ದೀಪಾವಳಿಯ ಸೂಟಿಗೆ ಮಗಳು ಬಂದಾಗ, ಜೋಳದ ಚೀಲ ಚಕ್ಕಡಿಯಲ್ಲಿ ಹೇರಿಸಿ, “ಬಿಜ್ಜರಗಿಗೆ ಹೋಗಿ ಬರೋಣು ಬರ್ತೀಯೇನು?” ಅಂದ. ತಿಕೋಟಾ ದಾಟಿ ಅವರು ಬಿಜ್ಜರಗಿ ಮುಟ್ಟುವಾಗ ಬಿಸಿಲು ಏರಿತ್ತು. ಧೂಳಪ್ಪ ಹಟ್ಟಿಯ ಮುಂದೆ ಬೇವಿನ ಗಿಡದ ಕೆಳಗೆ ಕುರಿಯ ಉಣ್ಣೆ ಕತ್ತರಿಸುತ್ತಿದ್ದ. ಬಂದವರನ್ನು ನೋಡಿ ಕತ್ತರಿ ನಿಲ್ಲಿಸಲಿಲ್ಲ. “ಕೂಡ್ರಿ,” ಅಂದ ಅಷ್ಟೇ. ಶಂಕ್ರೆಪ್ಪ ಕಲ್ಲಿನ ಮೇಲೆ ಕೂತ. ಇಬ್ಬರ ನಡುವೆ ಕತ್ತರಿಯ ಸಪ್ಪಳ ಬಿಟ್ಟರೆ ಮಾತಿಲ್ಲ.

ರಾಚವ್ವ ನೀಲಾಬಾಯಿಯನ್ನು ಒಳಗೆ ಕರೆದು ಬೆಲ್ಲ, ನೀರು ಕೊಟ್ಟಳು. ನೀರು ಸವಳು. ನೀಲಾಬಾಯಿ ಮುಖ ಕಿವಿಚದಿರಲು ನೋಡಿದಳು, ಆದರೆ ರಾಚವ್ವನ ಕಣ್ಣಿಗೆ ಬಿತ್ತು.

“ನಮ್ಮ ಬಾವಿ ಹಂಗ ಐತ್ರಿ ಅಕ್ಕಾರ. ಆ ಕಡೀ ಬಾವಿ ಸಿಹಿ, ಇದು ಸವಳು. ನಡುವ ಕೂಗಳತಿ ದೂರ ಇಲ್ಲ. ನಮ್ಮತ್ತಿ ಅಂತಿದ್ಲು, ಯಾರೋ ಶಾಪಾ ಹಾಕ್ಯಾರಂತ. ಇದರಾಗ ಏನೈತಿ ನೋಡಾಕ ಬರತೈತೇನ್ರಿ?”

ನೀಲಾಬಾಯಿ ಚಕ್ಕಡಿಯಿಂದ ಪೆಟ್ಟಿಗೆ ತಂದಳು. ಹಟ್ಟಿಯ ಬಾಗಿಲಲ್ಲಿ ಕೂತು, ಎರಡು ನಳಿಗೆಗಳಲ್ಲಿ ಎರಡೂ ಬಾವಿಯ ನೀರು ಹಾಕಿ, ಕರಿ ಕಾಗದ ಸುತ್ತಿದ ಸೀಸೆಯಿಂದ ಸಿಲ್ವರ್ ನೈಟ್ರೇಟಿನ ಹನಿ ಬಿಟ್ಟಳು. ಸಿಹಿನೀರು ಮುಸುಕು ಮುಸುಕಾಯಿತು. ಸವಳು ನೀರು ಹೆಪ್ಪು ಹಾಕಿದ ಹಾಲಿನ ಹಾಗೆ ಒಡೆದು, ಬಿಳಿ ಗರಣೆಗಳು ತಳಕ್ಕೆ ಇಳಿದವು.

“ಮೊಸರಾತಲ್ರಿ,” ಅಂದಳು ರಾಚವ್ವ.

“ಶಾಪಾ ಅಲ್ಲ, ಉಪ್ಪು. ನಾವು ಸಾರಿಗೆ ಹಾಕೂ ಉಪ್ಪಿನಾಗ ಇರೂದ ಇದು. ಕ್ಲೋರೈಡು ಅಂತಾರ.”

“ಸಮುದ್ರಾ ಎಲ್ಲೋ, ಬಿಜ್ಜರಗಿ ಎಲ್ಲೋ. ನಮ್ಮ ಬಾವ್ಯಾಗ ಉಪ್ಪು ಯಾರು ತಂದು ಹಾಕಿದ್ರು?”

“ಅದು ನನಗೂ ಪೂರಾ ಗೊತ್ತಿಲ್ಲ,” ಅಂದಳು ನೀಲಾಬಾಯಿ. “ನೆಲದಾಗ ಇರಬೇಕು.” ಇರಬೇಕು ಅಂದದ್ದಕ್ಕೆ ತನಗೇ ನಗು ಬಂತು. “ಎರಡೂ ಬಾವಿ ದಂಡಿ ಮಣ್ಣು ತಗೊಂಡು ಹೋಗಿ ನೋಡಬೇಕು.”

ಅವಳು ಮಣ್ಣು ತುಂಬಲು ಅರಿವೆ ಹುಡುಕುತ್ತಿರುವಾಗ ರಾಚವ್ವ ನಳಿಗೆಯನ್ನು ಬಿಸಿಲಿಗೆ ಹಿಡಿದುಕೊಂಡು ಕೂತಿದ್ದಳು. ಬೆಳ್ಳಗಿದ್ದ ಮೊಸರು ಅವಳು ನೋಡುತ್ತಿದ್ದಂತೆಯೇ ಬದನೆಯ ಹೂವಿನ ಬಣ್ಣಕ್ಕೆ ತಿರುಗಿತು, ಆಮೇಲೆ ಇನ್ನೂ ಕಪ್ಪಾಯಿತು. ಅವಳು ಗಾಬರಿಯಾಗಲಿಲ್ಲ. ನಳಿಗೆಯನ್ನು ತಿರುವಿ, ನೆರಳಿನಲ್ಲಿದ್ದ ಬದಿ ಇನ್ನೂ ಬೆಳ್ಳಗಿರುವುದನ್ನು ಕಂಡು, ಆ ಬದಿಯನ್ನು ಬಿಸಿಲಿಗೆ ಒಡ್ಡಿದಳು.

“ಅಕ್ಕಾರ, ಬಿಸಲಿಗೆ ಕರ್‍ರಗಾಗತೈತಿ ಇದು. ಬೆಂಕಿ ಬೆಳಕಿಗೂ ಆಗತೈತೇನ್ರಿ?”

ನೀಲಾಬಾಯಿ ಅರಿವೆ ಬಿಟ್ಟು ಅವಳ ಪಕ್ಕಕ್ಕೆ ಬಂದು ಕೂತಳು. ಅದನ್ನು ಅವಳು ಎಂದೂ ಮಾಡಿ ನೋಡಿರಲಿಲ್ಲ. ರಾಚವ್ವ ಒಲೆಯ ಮುಂದೆ ಕೂತು ಪುಳ್ಳೆ ಮುರಿದು ಹಾಕಿ ಉರಿ ಎಬ್ಬಿಸಿದಳು. ಹೊರಗೆ ಬೇವಿನ ಗಿಡದ ಕೆಳಗೆ ಕತ್ತರಿಯ ಸಪ್ಪಳ ನಿಂತಿತ್ತು. ಧೂಳಪ್ಪ ಏನೋ ಕೇಳುತ್ತಿದ್ದ, ಶಂಕ್ರೆಪ್ಪ ಮೆಲ್ಲಗೆ ಉತ್ತರ ಕೊಡುತ್ತಿದ್ದ. ನೀಲಾಬಾಯಿ ಹೊಸ ನಳಿಗೆಗೆ ನೀರು ಹಾಕಿ, ಹನಿ ಬಿಟ್ಟು, ಬೆಳ್ಳಗಾದದ್ದನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಒಲೆಯ ಹತ್ತಿರ ಒಯ್ದಳು.